ಟರ್ಮಿನಸ್ಸೋ, ಟರ್ಮಿನಲ್ಲೋ? ರೋಮಿನ ಗಡಿಕಲ್ಲಿನಿಂದ ಮುಂಬಯಿಯ ವಿ.ಟಿ.ವರೆಗೆ

ಪ್ರಶ್ನೆ: ಡೊಂಬಿವಿಲಿಯ ನಮ್ಮ ಕನ್ನಡ ಸಂಘದ ವಾರ್ಷಿಕೋತ್ಸವಕ್ಕೆ ಆಮಂತ್ರಣ ಪತ್ರಿಕೆ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಮಂಗಳೂರು ಕಡೆಯಿಂದ ಬರುವ ಕಲಾವಿದರಿಗಾಗಿ ‘ಲೋಕಮಾನ್ಯ ತಿಲಕ್ ಟರ್ಮಿನಲ್‌ನಲ್ಲಿ ಇಳಿಯಿರಿ’ ಎಂದು ಬರೆದೆ. ಸಮಿತಿಯ ಹಿರಿಯರೊಬ್ಬರು ಅದನ್ನು ‘ಟರ್ಮಿನಸ್’ ಎಂದು ತಿದ್ದಿದರು. ಆದರೆ ಬೆಂಗಳೂರಿನ ಬೈಯಪ್ಪನಹಳ್ಳಿಯಲ್ಲಿ ‘ಟರ್ಮಿನಲ್’ ಅಂತಲೇ ಬೋರ್ಡಿದೆ. ಯಾವುದು ಸರಿ? ಈ ಪದ ಎಲ್ಲಿಂದ ಬಂತು? ಮುಂಬಯಿ ಸೆಂಟ್ರಲ್‌ನಲ್ಲೂ ದೂರದ ಗಾಡಿಗಳು ಕೊನೆಯಾಗುತ್ತವೆ, ಅದಕ್ಯಾಕೆ ಈ ಹೆಸರಿಲ್ಲ? ಇನ್ನೊಬ್ಬರಂತೂ, ಟರ್ಮಿನೇಟ್ ಅಂದರೆ ಕೆಲಸದಿಂದ ತೆಗೆಯುವುದು, ಆಮಂತ್ರಣದಲ್ಲಿ ಅಂಥ ಅಶುಭ ಪದ ಬೇಡ ಅನ್ನುತ್ತಿದ್ದಾರೆ.

ಉತ್ತರ: ಮೊದಲು ನಿಮ್ಮ ಪತ್ರಿಕೆಯ ಕೆಲಸ ಮುಗಿಸಿಬಿಡೋಣ. ‘ಲೋಕಮಾನ್ಯ ತಿಲಕ್ ಟರ್ಮಿನಸ್’ ಎಂದೇ ಬರೆಯಿರಿ. ಹಿರಿಯರು ತಿದ್ದಿದ್ದು ಸರಿಯಾಗಿದೆ. ಅದು ಆ ನಿಲ್ದಾಣದ ಹೆಸರು. ಹೆಸರನ್ನು ಇಟ್ಟವರು ಇಟ್ಟ ಹಾಗೆಯೇ ಬರೆಯಬೇಕು. ಬೈಯಪ್ಪನಹಳ್ಳಿಯದು ‘ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್’. ಅದನ್ನು ಟರ್ಮಿನಸ್ ಎಂದು ತಿದ್ದಲು ಹೋಗಬೇಡಿ. ಹಾಗಂತ ನೀವು ಬರೆದದ್ದರಲ್ಲಿ ಅರ್ಥದ ತಪ್ಪೇನೂ ಇರಲಿಲ್ಲ. ರೈಲಿನ ಮಟ್ಟಿಗೆ ಎರಡೂ ಪದ ಹೇಳುವುದು ಒಂದನ್ನೇ: ದಾರಿ ಇಲ್ಲಿಗೆ ಮುಗಿಯುತ್ತದೆ, ಇಲ್ಲಿಂದಲೇ ಶುರುವಾಗುತ್ತದೆ.

‘ಶುರುವಾಗುತ್ತದೆ’ ಎಂಬುದನ್ನು ಬೇಕೆಂದೇ ಸೇರಿಸಿದ್ದೇನೆ. ಟರ್ಮಿನಸ್ ಅಂದರೆ ಕೊನೆ ಎಂದಷ್ಟೇ ನಾವು ತಿಳಿದುಕೊಂಡಿದ್ದೇವೆ. ಅದರಿಂದಲೇ ಅಶುಭ ಎಂಬ ಮಾತೂ ಹುಟ್ಟುತ್ತದೆ. ಪದ ಹುಟ್ಟಿದ ಜಾಗಕ್ಕೆ ಹೋದರೆ ಅಲ್ಲಿ ಸಿಗುವುದು ಹೊಲದಲ್ಲಿ ನೆಟ್ಟ ಒಂದು ಕಲ್ಲು. ಆ ಕಲ್ಲಿಗೆ ಎರಡೂ ಕಡೆಯಿಂದ ಪೂಜೆ ಆಗುತ್ತಿತ್ತು.

ಹಳೆಯ ರೋಮನ್ನರ ಲ್ಯಾಟಿನ್ ಭಾಷೆಯಲ್ಲಿ ‘ಟರ್ಮಿನುಸ್’ ಅಂದರೆ ಗಡಿಕಲ್ಲು. ನಿಮ್ಮ ಹೊಲ ಎಲ್ಲಿ ಮುಗಿಯಿತು, ಪಕ್ಕದವನ ಹೊಲ ಎಲ್ಲಿ ಶುರುವಾಯಿತು ಎಂದು ಹೇಳುವ ಕಲ್ಲು ಅಥವಾ ಗೂಟ. ನಮ್ಮ ಹಳ್ಳಿಗಳಲ್ಲಿ ಸರ್ವೆಯವರು ನೆಡುವ ಬಾಂದುಕಲ್ಲು ಇದೆಯಲ್ಲ, ಅದೇ. ಊರಲ್ಲಿ ಜಮೀನು ಇರುವವರಿಗೆ ಬಾಂದುಕಲ್ಲಿನ ಬೆಲೆ ಏನೆಂದು ಹೇಳಿಕೊಡಬೇಕಾಗಿಲ್ಲ. ರಾತ್ರೋರಾತ್ರಿ ಕಲ್ಲು ಎರಡು ಅಡಿ ಸರಿದರೆ ಎರಡು ತಲೆಮಾರು ಕೋರ್ಟಿಗೆ ಅಲೆಯುತ್ತದೆ. ರೋಮನ್ನರಿಗೂ ಇದೇ ಭಯವಿತ್ತು. ಅದಕ್ಕೇ ಅವರು ಆ ಕಲ್ಲನ್ನೇ ದೇವರು ಮಾಡಿದರು. ದೇವರ ಹೆಸರೂ ಟರ್ಮಿನುಸ್. ಕಲ್ಲು ಸರಿಸಿದವನು ಶಾಪಕ್ಕೆ ಗುರಿಯಾಗುತ್ತಿದ್ದ. ಈ ಕಟ್ಟಳೆ ಮಾಡಿದವನು ನೂಮಾ ಎಂಬ ಪುರಾತನ ರಾಜ ಎಂದು ಅವರ ಐತಿಹ್ಯ.

ಕಲ್ಲು ನೆಡುವುದೇ ಒಂದು ದೊಡ್ಡ ವಿಧಿ. ಮೊದಲು ಗುಂಡಿ ತೋಡಿ ಬಲಿ ಕೊಡುತ್ತಿದ್ದರು. ರಕ್ತ ಗುಂಡಿಗೆ ಬೀಳಬೇಕು. ಧೂಪ, ಧಾನ್ಯ, ಜೇನುಹುಟ್ಟು, ದ್ರಾಕ್ಷಾರಸ ಎಲ್ಲವನ್ನೂ ಅಲ್ಲೇ ಹಾಕಿ ಸುಡುತ್ತಿದ್ದರು. ಆ ಬಿಸಿ ಬೂದಿಯ ಮೇಲೆ ಕಲ್ಲು ಕೂರುತ್ತಿತ್ತು. ಇದರಲ್ಲಿ ಭಕ್ತಿಯ ಜೊತೆ ಜಾಣತನವೂ ಇದೆ. ಮುಂದೆ ಯಾವತ್ತಾದರೂ ತಗಾದೆ ಬಂದರೆ ಕಲ್ಲಿನ ಬುಡ ಅಗೆದು ನೋಡಬಹುದು. ಕೆಳಗೆ ಇದ್ದಿಲು, ಬೂದಿ ಸಿಕ್ಕರೆ ಅದು ನಿಜವಾದ ಜಾಗ. ಸಿಗದಿದ್ದರೆ ಯಾರೋ ಕಲ್ಲು ಸರಿಸಿದ್ದಾರೆ.

ವರ್ಷಕ್ಕೊಮ್ಮೆ, ಫೆಬ್ರವರಿ 23ಕ್ಕೆ, ಈ ಕಲ್ಲಿಗೆ ಹಬ್ಬ. ಹೆಸರು ಟರ್ಮಿನಾಲಿಯಾ. ಹಳೆಯ ರೋಮನ್ ಪಂಚಾಂಗದಲ್ಲಿ ವರ್ಷ ಮಾರ್ಚಿನಲ್ಲಿ ಶುರುವಾಗುತ್ತಿತ್ತು, ಹಾಗಾಗಿ ಇದು ವರ್ಷದ ಗಡಿಯ ಹಬ್ಬವೂ ಹೌದು. ಓವಿಡ್ ಎಂಬ ರೋಮನ್ ಕವಿ ಈ ಹಬ್ಬವನ್ನು ಕಣ್ಣಿಗೆ ಕಟ್ಟುವಂತೆ ಬಣ್ಣಿಸಿದ್ದಾನೆ. ಕಲ್ಲಿನ ಆ ಕಡೆಯ ಹೊಲದವನು, ಈ ಕಡೆಯ ಹೊಲದವನು, ಇಬ್ಬರೂ ಬರುತ್ತಾರೆ. ಇಬ್ಬರದೂ ಒಂದೊಂದು ಹಾರ, ಒಂದೊಂದು ರೊಟ್ಟಿ. ಮನೆಯೊಡತಿ ಒಲೆಯ ಕೆಂಡವನ್ನು ಒಡೆದ ಮಡಕೆಯ ಚೂರಿನಲ್ಲಿಟ್ಟು ತರುತ್ತಾಳೆ. ಮುದುಕ ಸೌದೆ ಸೀಳಿ ಒಟ್ಟುತ್ತಾನೆ. ಹುಡುಗ ಬುಟ್ಟಿ ಹಿಡಿದು ನಿಂತಿರುತ್ತಾನೆ, ಅದರಿಂದ ಮೂರು ಸಲ ಕಾಳು ಬೆಂಕಿಗೆ ಬೀಳುತ್ತದೆ. ಪುಟ್ಟ ಹುಡುಗಿ ಜೇನುಹುಟ್ಟಿನ ತುಂಡು ಅರ್ಪಿಸುತ್ತಾಳೆ. ಉಳಿದವರು ಬಿಳಿ ಬಟ್ಟೆ ತೊಟ್ಟು ಮಾತಿಲ್ಲದೆ ನೋಡುತ್ತಾರೆ. ಆಮೇಲೆ ಎರಡೂ ಮನೆಯವರು ಕೂತು ಊಟ ಮಾಡಿ, ದೇವರ ಹಾಡು ಹೇಳುತ್ತಾರೆ. ಜಗಳ ಹುಟ್ಟಬಹುದಾದ ಜಾಗದಲ್ಲಿ ನೆರೆಹೊರೆಯವರ ಊಟ. ಅಶುಭ ಅನ್ನುವ ನಿಮ್ಮ ಗೆಳೆಯರಿಗೆ ಇದನ್ನು ಓದಿ ಹೇಳಿ.

ಈ ದೇವರ ಹಟದ ಕತೆಯೂ ಒಂದಿದೆ. ರೋಮಿನ ಕ್ಯಾಪಿಟಲ್ ಗುಡ್ಡದ ಮೇಲೆ ಜೂಪಿಟರ್‌ಗೆ ದೊಡ್ಡ ಗುಡಿ ಕಟ್ಟಬೇಕೆಂದು ರಾಜ ಟಾರ್ಕ್ವಿನ್ ಹೊರಟ. ಅಲ್ಲಿ ಮೊದಲೇ ಸಣ್ಣ ಪುಟ್ಟ ದೇವರ ಗುಡಿಗಳಿದ್ದವು. ಅವನ್ನು ಎತ್ತಬೇಕಾದರೆ ಆ ದೇವರುಗಳ ಒಪ್ಪಿಗೆ ಬೇಕು. ನಮ್ಮಲ್ಲಿ ದೇವರ ಮುಂದೆ ಹೂ ಕೇಳುವ ಹಾಗೆ ಅವರು ಹಕ್ಕಿಗಳ ಹಾರಾಟ ನೋಡಿ ಕೇಳುತ್ತಿದ್ದರು. ಬೇರೆಯವರು ಒಪ್ಪಿದರು. ಟರ್ಮಿನುಸ್ ಒಪ್ಪಲಿಲ್ಲ. ಕೊನೆಗೆ ಅವನ ಕಲ್ಲನ್ನು ಅಲ್ಲೇ ಉಳಿಸಿಕೊಂಡು ಜೂಪಿಟರ್‌ನ ಗುಡಿ ಕಟ್ಟಿದರು. ಗಡಿಯ ದೇವರ ತಲೆಯ ಮೇಲೆ ಬಯಲು ಆಕಾಶ ಇರಬೇಕೆಂದು ಮಾಡಿನಲ್ಲಿ ಒಂದು ಕಿಂಡಿಯನ್ನೂ ಬಿಟ್ಟರಂತೆ. ದೇವರ ರಾಜನಿಗೂ ಜಾಗ ಬಿಡದವನು ಎಂಬ ಕೀರ್ತಿ ಟರ್ಮಿನುಸ್‌ಗೆ ಬಂತು. ರೋಮಿನ ಗಡಿ ಎಂದೂ ಅಲುಗದು ಎಂಬುದಕ್ಕೆ ಇದೇ ಶಕುನ ಎಂದು ಅವರು ಹೆಮ್ಮೆಪಟ್ಟರು. ಮುಂದೆ 16ನೇ ಶತಮಾನದಲ್ಲಿ ಎರಾಸ್ಮಸ್ ಎಂಬ ಡಚ್ ಪಂಡಿತ ಟರ್ಮಿನುಸ್‌ನ ಚಿತ್ರವನ್ನೇ ತನ್ನ ಮುದ್ರೆ ಮಾಡಿಕೊಂಡ. ‘ನಾನು ಯಾರಿಗೂ ಜಾಗ ಬಿಡುವುದಿಲ್ಲ’ ಎಂಬ ಲ್ಯಾಟಿನ್ ಮಾತು ಅದರ ಜೊತೆಗಿತ್ತು. ಎಂಥ ಸೊಕ್ಕು ಎಂದು ಜನ ಬೈದರು. ಅದು ನನ್ನ ಮಾತಲ್ಲ, ಸಾವಿನ ಮಾತು ಎಂದು ಆತ ಉತ್ತರ ಕೊಟ್ಟ.

ಪದದ ಬೇರು ಇನ್ನೂ ಹಿಂದಕ್ಕೆ ಹೋಗುತ್ತದೆ. ಲ್ಯಾಟಿನ್ ಮತ್ತು ಸಂಸ್ಕೃತ ಒಂದೇ ಮೂಲದ ಭಾಷೆಗಳು ಎಂಬುದು ನಿಮಗೆ ಗೊತ್ತಿರಬಹುದು. ಟರ್ಮಿನುಸ್‌ನ ಬೇರನ್ನು ಭಾಷಾ ಪಂಡಿತರು ‘ದಾಟು’ ಎಂಬ ಅರ್ಥದ ಒಂದು ಹಳೆಯ ಧಾತುವಿಗೆ ಸೇರಿಸುತ್ತಾರೆ. ಸಂಸ್ಕೃತದಲ್ಲಿ ಅದರ ರೂಪ ‘ತೃ’. ‘ತರತಿ’ ಅಂದರೆ ದಾಟುತ್ತಾನೆ. ನಾವು ದಿನಾ ಆಡುವ ತೀರ್ಥ, ಅವತಾರ ಎಲ್ಲ ಅದೇ ಧಾತುವಿನವು. ತೀರ್ಥ ಅಂದರೆ ಮೂಲದಲ್ಲಿ ಹೊಳೆ ದಾಟುವ ಜಾಗ. ಆಮೇಲೆ ಅದು ಪುಣ್ಯಕ್ಷೇತ್ರವಾಯಿತು, ಜನ ಯಾತ್ರೆ ಹೊರಟರು. ಲ್ಯಾಟಿನ್‌ನಲ್ಲಿ ಅದೇ ಬೇರು ದಾಟಿದರೆ ಆಚೆ ಕಡೆಗೆ ಸೇರುವ ಗೆರೆಯಾಯಿತು, ಆ ಗೆರೆಯ ಕಲ್ಲಾಯಿತು. ತೀರ್ಥಯಾತ್ರೆಯ ‘ತೀರ್ಥ’ಕ್ಕೂ ವಿ.ಟಿ., ಅಂದರೆ ಮುಂಬಯಿಯ ವಿಕ್ಟೋರಿಯಾ ಟರ್ಮಿನಸ್‌ನ ‘ಟಿ’ಗೂ ದೂರದ ನೆಂಟಸ್ತಿಕೆ ಇದೆ. ಈ ಸಂಗತಿಯನ್ನು ಹೇಳುವಾಗಲೆಲ್ಲ ನನಗೆ ಖುಷಿಯಾಗುತ್ತದೆ.

ಇಂಗ್ಲಿಷಿನಲ್ಲಿ ಟರ್ಮಿನಸ್ ಎಂಬ ಪದ ರೈಲಿಗಿಂತ ಮೊದಲೇ ಇತ್ತು. ಆದರೆ ಅದು ಪಂಡಿತರ ಪದ. ಗುರಿ, ಕೊನೆ, ಎಲ್ಲೆ ಎಂಬ ಅರ್ಥದಲ್ಲಿ ಪುಸ್ತಕದೊಳಗೇ ಇತ್ತು. 1830ರಲ್ಲಿ ಲಿವರ್‌ಪೂಲ್-ಮ್ಯಾಂಚೆಸ್ಟರ್ ರೈಲು ಓಡತೊಡಗಿತು. ಆಮೇಲೆ ಇಂಗ್ಲೆಂಡಿನ ತುಂಬ ಹಳಿ ಹಾಸುವ ಭರಾಟೆ. ಹೊಸ ವಸ್ತುಗಳಿಗೆ ಹೊಸ ಹೆಸರು ಬೇಕಾಯಿತು. ಆಗಿನ ಓದಿದ ಇಂಗ್ಲಿಷರೆಲ್ಲ ಶಾಲೆಯಲ್ಲಿ ಲ್ಯಾಟಿನ್ ಕಲಿತವರು. ಹಳಿಯ ತುದಿಗೆ ಅವರ ಬಾಯಿಗೆ ಬಂದದ್ದು ಟರ್ಮಿನಸ್. 1830ರ ದಶಕದ ನಡುವಿಂದ ಈ ಅರ್ಥ ಬರವಣಿಗೆಯಲ್ಲಿ ಕಾಣುತ್ತದೆ. 1837ರಲ್ಲಿ ಶುರುವಾದ ಲಂಡನ್ನಿನ ಯೂಸ್ಟನ್ ಅಂಥ ಮೊದಲ ದೊಡ್ಡ ನಿಲ್ದಾಣಗಳಲ್ಲಿ ಒಂದು. ಒಂದು ಹಳಿಗೆ ಎರಡು ತುದಿ ಇರುತ್ತವಲ್ಲ, ಎರಡನ್ನೂ ಅವರು ಟರ್ಮಿನಸ್ ಎಂದೇ ಕರೆದರು. ಹೊರಡುವ ತುದಿ, ಸೇರುವ ತುದಿ ಎಂದು ಭೇದ ಮಾಡಲಿಲ್ಲ.

ಟರ್ಮಿನಲ್ ಮೊದಲು ವಿಶೇಷಣವಾಗಿತ್ತು. ತುದಿಯ, ಕೊನೆಯ ಎಂದು ಅರ್ಥ. ‘ಟರ್ಮಿನಲ್ ಸ್ಟೇಷನ್’ ಎನ್ನುವುದರಲ್ಲಿ ‘ಸ್ಟೇಷನ್’ ಉದುರಿ, ವಿಶೇಷಣವೇ ನಾಮಪದವಾಗಿ ನಿಂತಿತು. ಇದು 19ನೇ ಶತಮಾನದ ಕೊನೆಯಲ್ಲಿ ಅಮೆರಿಕದಲ್ಲಿ ನಡೆದದ್ದು. ನ್ಯೂಯಾರ್ಕಿನ ಹೆಸರಾಂತ ರೈಲು ನಿಲ್ದಾಣ 1913ರಲ್ಲಿ ಬಾಗಿಲು ತೆರೆದಾಗ ಅದರ ಹೆಸರು ಗ್ರ್ಯಾಂಡ್ ಸೆಂಟ್ರಲ್ ಟರ್ಮಿನಲ್. ಬ್ರಿಟಿಷರು ಟರ್ಮಿನಸ್ ಹಿಡಿದುಕೊಂಡರು, ಅಮೆರಿಕದವರು ಟರ್ಮಿನಲ್ ಹಿಡಿದರು. ವಿಮಾನ ಬಂದ ಮೇಲೆ ಎಲ್ಲ ಕಡೆ ಟರ್ಮಿನಲ್ ಗೆದ್ದಿತು. ಮುಂಬಯಿಯಲ್ಲೇ ನೋಡಿ. ರೈಲಿಗೆ ಟರ್ಮಿನಸ್, ವಿಮಾನಕ್ಕೆ ಟರ್ಮಿನಲ್ 1, ಟರ್ಮಿನಲ್ 2. ಇಲ್ಲಿನ ರೈಲು ನಿಲ್ದಾಣಗಳ ಹೆಸರು ಬ್ರಿಟಿಷರ ಕಾಲದ ರೂಢಿಯಲ್ಲೇ ಮುಂದುವರಿಯಿತು. ಬೈಯಪ್ಪನಹಳ್ಳಿಯ ಹೊಸ ನಿಲ್ದಾಣದಿಂದ ಗಾಡಿ ಓಡತೊಡಗಿದ್ದು 2022ರಲ್ಲಿ. ಅಷ್ಟು ಹೊತ್ತಿಗೆ ನಮ್ಮ ಜನರ ಕಿವಿಗೆ ಟರ್ಮಿನಲ್ಲೇ ಜಾಸ್ತಿ ಪರಿಚಿತವಾಗಿತ್ತು.

ನಡುವೆ ಒಂದು ಮಾತು. ಇಟಲಿಗೆ ಹೋದವರು ರೋಮಿನ ದೊಡ್ಡ ರೈಲು ನಿಲ್ದಾಣದ ಹೆಸರು ‘ಟರ್ಮಿನಿ’ ಎಂದು ನೋಡಿ, ಓ ಇದೇ ಮೂಲ ಎಂದುಕೊಳ್ಳುತ್ತಾರೆ. ಅಲ್ಲ. ಆ ಹೆಸರು ಬಂದದ್ದು ಪಕ್ಕದಲ್ಲೇ ಇರುವ ಡಯೊಕ್ಲೀಷಿಯನ್ ಚಕ್ರವರ್ತಿಯ ಸ್ನಾನಗೃಹಗಳಿಂದ. ಬಿಸಿನೀರಿನ ಸ್ನಾನಗೃಹಕ್ಕೆ ಲ್ಯಾಟಿನ್‌ನಲ್ಲಿ ‘ಥೆರ್ಮೆ’ ಎನ್ನುತ್ತಾರೆ. ನಮ್ಮ ಥರ್ಮಾಸ್, ಥರ್ಮಾಮೀಟರ್‌ಗಳ ಕಡೆಯ ಪದ ಅದು. ಗಡಿಕಲ್ಲಿಗೂ ಅದಕ್ಕೂ ಸಂಬಂಧವಿಲ್ಲ.

ಇನ್ನು ಮುಂಬಯಿಗೆ ಬರೋಣ. ಇಲ್ಲಿರುವಷ್ಟು ಟರ್ಮಿನಸ್‌ಗಳು ಯಾಕೆ ಅಂದರೆ, ಭೂಮಿಯೇ ಮುಗಿಯುತ್ತದೆ. ತೆಂಕಣ ತುದಿಯಲ್ಲಿ ಮೂರು ಕಡೆ ಸಮುದ್ರ. ಹಳಿ ಮುಂದಕ್ಕೆ ಹೋಗುವುದಾದರೂ ಎಲ್ಲಿಗೆ? 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ನಮ್ಮ ದೇಶದ ಮೊದಲ ಪ್ರಯಾಣಿಕರ ರೈಲು ಹೊರಟಿತು. ದೂರ ಸುಮಾರು 34 ಕಿಲೋಮೀಟರ್. 14 ಡಬ್ಬಿ, ಎಳೆಯಲು ಸಾಹಿಬ್, ಸಿಂಧ್, ಸುಲ್ತಾನ್ ಎಂಬ ಮೂರು ಇಂಜಿನ್. ಆ ದಿನ ಬೋರಿಬಂದರು ಯಾರಿಗೂ ಕೊನೆ ಅನ್ನಿಸಿರಲಿಕ್ಕಿಲ್ಲ. ಎಲ್ಲ ಶುರುವಾದದ್ದೇ ಅಲ್ಲಿಂದ.

ಆ ಹಳೆಯ ನಿಲ್ದಾಣದ ಹತ್ತಿರವೇ ಎದ್ದದ್ದು ವಿಕ್ಟೋರಿಯಾ ಟರ್ಮಿನಸ್. ಎಫ್. ಡಬ್ಲ್ಯೂ. ಸ್ಟೀವನ್ಸ್ ಅದರ ವಾಸ್ತುಶಿಲ್ಪಿ. ಕೆಲಸ ಶುರುವಾದದ್ದು 1878ರಲ್ಲಿ, ಮುಗಿದದ್ದು 1888ರಲ್ಲಿ. ರಾಣಿಯ ಆಳ್ವಿಕೆಗೆ 50 ವರ್ಷ ತುಂಬಿದ 1887ರಲ್ಲಿ ಅವಳ ಹೆಸರಿಟ್ಟರು. 1996ರಲ್ಲಿ ಅದು ಛತ್ರಪತಿ ಶಿವಾಜಿ ಟರ್ಮಿನಸ್ ಆಯಿತು. 2004ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿ ಸೇರಿತು. 2017ರಲ್ಲಿ ಹೆಸರಿಗೆ ‘ಮಹಾರಾಜ್’ ಸೇರಿತು. ರಾಣಿ ಹೋದಳು, ರಾಜ ಬಂದ, ಟರ್ಮಿನಸ್ ಮಾತ್ರ ಅಲುಗಲಿಲ್ಲ. ಜನರ ಬಾಯಲ್ಲಿ ಇವತ್ತಿಗೂ ವಿ.ಟಿ.

ಟರ್ಮಿನಸ್ ಅಂದರೇನು ಎಂದು ಮಕ್ಕಳಿಗೆ ತೋರಿಸಬೇಕಾದರೆ ಸುಮ್ನೆ ಅಲ್ಲಿಗೆ ಕರೆದುಕೊಂಡು ಹೋಗಿ. ಪ್ಲಾಟ್‌ಫಾರ್ಮ್ ಟಿಕೆಟ್ ತೆಗೆದು ದೂರದ ಗಾಡಿಗಳ ಕಡೆ ನಿಲ್ಲಿ. ಬೆಂಗಳೂರಿನಿಂದ ಕಲಬುರಗಿ, ಸೊಲ್ಲಾಪುರ, ಪುಣೆ ದಾಟಿ ಬರುವ ಉದ್ಯಾನ್ ಎಕ್ಸ್‌ಪ್ರೆಸ್ ಇಲ್ಲಿಗೇ ಬರುವುದು. ಗಾಡಿ ಒಳಗೆ ಬರುವಾಗ ವೇಗ ತೀರಾ ಕಡಿಮೆ. ಮುಂದೆ ಹಳಿ ಇಲ್ಲ, ಗಾಡಿಯನ್ನು ತಡೆಯುವ ಬಫರ್ ಇದೆ ಎಂಬುದು ಚಾಲಕನಿಗೆ ಗೊತ್ತು. ಇಂಜಿನ್ ಆ ಬಫರಿನ ಹತ್ತಿರ ಬಂದು ನಿಲ್ಲುತ್ತದೆ. ರೈಲಿನವರು ಇದಕ್ಕೆ ‘ಡೆಡ್ ಎಂಡ್’ ಅನ್ನುತ್ತಾರೆ. ಈಗ ಇಂಜಿನ್ ಸಿಕ್ಕಿಹಾಕಿಕೊಂಡ ಹಾಗೆ. ಮುಂದೆ ಗೋಡೆ, ಹಿಂದೆ ತನ್ನದೇ ಡಬ್ಬಿಗಳು. ಡಬ್ಬಿಗಳನ್ನು ಇನ್ನೊಂದು ಇಂಜಿನ್ ಆ ತುದಿಯಿಂದ ಬಂದು ಎಳೆದುಕೊಂಡು ಹೋದ ಮೇಲೆಯೇ ಇದಕ್ಕೆ ಬಿಡುಗಡೆ. ಲೋಕಲ್‌ಗೆ ಈ ಕಷ್ಟ ಇಲ್ಲ. ಅದರ ಎರಡೂ ತುದಿಯಲ್ಲಿ ಚಾಲಕನ ಕ್ಯಾಬಿನ್ ಇರುತ್ತದೆ. ಬಂದ ಗಾಡಿ ಸ್ವಲ್ಪ ಹೊತ್ತಿನಲ್ಲೇ ಬಾಲವನ್ನು ತಲೆ ಮಾಡಿಕೊಂಡು ಹೊರಡುತ್ತದೆ.

ಇನ್ನೊಂದು ವ್ಯತ್ಯಾಸ ಕಾಲಿಗೆ ಗೊತ್ತಾಗುತ್ತದೆ. ಠಾಣೆಯಲ್ಲೋ ಕಲ್ಯಾಣದಲ್ಲೋ ಇಳಿದರೆ ಚೀಲ ಹೊತ್ತುಕೊಂಡು ಬ್ರಿಡ್ಜ್ ಹತ್ತಬೇಕು. ಹಳಿ ಎರಡೂ ಕಡೆ ಹೋಗುತ್ತದಲ್ಲ, ದಾಟಲು ಬೇರೆ ದಾರಿ ಇಲ್ಲ. ವಿ.ಟಿ.ಯಲ್ಲಿ ಪ್ಲಾಟ್‌ಫಾರ್ಮಿನ ಗುಂಟ ನಡೆದರೆ ಸಾಕು, ಹಳಿ ತೀರಿದಲ್ಲಿ ನೆಲವೇ ಸಿಗುತ್ತದೆ. ಎಲ್ಲ ಪ್ಲಾಟ್‌ಫಾರ್ಮ್‌ಗಳೂ ಆ ತುದಿಯಲ್ಲಿ ಒಂದೇ ಅಂಗಳಕ್ಕೆ ಕೂಡಿಕೊಳ್ಳುತ್ತವೆ. ಮಂಡಿನೋವಿರುವ ಅಜ್ಜಿಯನ್ನು ಊರಿಂದ ಕರೆಸುವಾಗ ಇದು ಸಣ್ಣ ವಿಷಯವಲ್ಲ.

ಲೋಕಮಾನ್ಯ ತಿಲಕ್ ಟರ್ಮಿನಸ್ ಇದೇ ಜಾತಿಯದು. ಮೊದಲು ಅದನ್ನು ಕುರ್ಲಾ ಟರ್ಮಿನಸ್ ಎನ್ನುತ್ತಿದ್ದರು. ವಿ.ಟಿ.ಯ ಮೇಲಿನ ಭಾರ ಇಳಿಸಲು ಕಟ್ಟಿದ್ದು. ಕರಾವಳಿಯವರಿಗೆ ಇದು ತವರಿನ ಬಾಗಿಲು. ಕೊಂಕಣ ರೈಲು 1998ರಲ್ಲಿ ಪೂರ್ತಿಯಾಗಿ ತೆರೆದ ಮೇಲೆ ಮಂಗಳೂರಿನ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಓಡತೊಡಗಿದ್ದು ಇಲ್ಲಿಂದಲೇ. ಪಶ್ಚಿಮ ರೈಲ್ವೆಯ ಕಡೆ ಬಾಂದ್ರಾ ಟರ್ಮಿನಸ್ ಇದೆ.

ಮುಂಬಯಿ ಸೆಂಟ್ರಲ್‌ದು ಬೇರೆ ಕತೆ. ಪಶ್ಚಿಮದ ಹಳಿ ಒಂದು ಕಾಲದಲ್ಲಿ ಚರ್ಚ್‌ಗೇಟ್ ದಾಟಿ ಕೊಲಾಬಾದವರೆಗೂ ಹೋಗುತ್ತಿತ್ತು. 1930ರಲ್ಲಿ ಮುಂಬಯಿ ಸೆಂಟ್ರಲ್ ತೆರೆದು, ದೂರದ ಗಾಡಿಗಳನ್ನು ಅಲ್ಲೇ ನಿಲ್ಲಿಸತೊಡಗಿದರು. ಕ್ಲಾಡ್ ಬ್ಯಾಟ್ಲಿ ಎಂಬ ವಾಸ್ತುಶಿಲ್ಪಿ ಅದರ ನಕ್ಷೆ ಮಾಡಿದ್ದು. ಕೊಲಾಬಾ ನಿಲ್ದಾಣ ಮುಚ್ಚಿತು. ಆದರೆ ಲೋಕಲ್ ಹಳಿ ಮುಂಬಯಿ ಸೆಂಟ್ರಲ್ ದಾಟಿ ಚರ್ಚ್‌ಗೇಟಿನವರೆಗೆ ಹೋಗುತ್ತದೆ. ಅಂದರೆ ಇದು ದೂರದ ಗಾಡಿಗಳಿಗೆ ಕೊನೆ, ಲೋಕಲ್‌ಗೆ ನಡುವಿನ ನಿಲ್ದಾಣ. ಚರ್ಚ್‌ಗೇಟ್ ಅಪ್ಪಟ ಟರ್ಮಿನಸ್, ಆದರೆ ಹೆಸರಿನಲ್ಲಿ ಆ ಪದ ಇಲ್ಲ. ಗೋವಾದ ವಾಸ್ಕೋ ಕೂಡ ಹಾಗೆಯೇ. ಪ್ರಯಾಣಿಕರ ಗಾಡಿಗೆ ಅದೇ ಕೊನೆ, ಹೆಸರಲ್ಲಿ ಏನೂ ಇಲ್ಲ. ಹಳಿ ಮಾತ್ರ ಮುಂದೆ ಮುರ್ಮಗೋವಾ ಬಂದರಿಗೆ ಹೋಗುತ್ತದೆ. ಹೆಸರು ನೋಡಿ ಟರ್ಮಿನಸ್ ಹೌದೋ ಅಲ್ಲವೋ ಎಂದು ಹೇಳಲಾಗದು, ಹಳಿ ನೋಡಿ ಹೇಳಬೇಕು.

‘ಸೆಂಟ್ರಲ್’ ಅಂದರೆ ಊರಿನ ಮುಖ್ಯ ನಿಲ್ದಾಣ ಎಂಬುದು ರೂಢಿ. ಹಳಿ ಮುಂದೆ ಹೋಗುತ್ತದೆಯೇ ಇಲ್ಲವೇ ಎಂಬುದನ್ನು ಅದು ಹೇಳುವುದಿಲ್ಲ. ಮಂಗಳೂರು ಸೆಂಟ್ರಲ್‌ನಲ್ಲಿ ಹಳಿ ಮುಗಿಯುತ್ತದೆ. ಅದಕ್ಕೇ ಕೇರಳದಿಂದ ಕೊಂಕಣದ ಕಡೆ ಓಡುವ ಗಾಡಿಗಳು ಸೆಂಟ್ರಲ್‌ಗೆ ಬರದೆ ಮಂಗಳೂರು ಜಂಕ್ಷನ್, ಅಂದರೆ ಹಳೆಯ ಕಂಕನಾಡಿಯ ಮೂಲಕ ಸಾಗುತ್ತವೆ. ‘ಜಂಕ್ಷನ್’ ಅಂದರೆ ಹಳಿಗಳು ಕೂಡುವ, ಕವಲೊಡೆಯುವ ಜಾಗ. ಇನ್ನೂ ಒಂದು ಗೊಂದಲ: ಮುಂಬಯಿ ಸೆಂಟ್ರಲ್ ಇರುವುದು ವೆಸ್ಟರ್ನ್ ರೈಲ್ವೆಯಲ್ಲಿ. ಸೆಂಟ್ರಲ್ ರೈಲ್ವೆಯ ಮುಖ್ಯ ಕಚೇರಿ ವಿ.ಟಿ.ಯಲ್ಲಿ. ಹೊಸಬರಿಗೆ ದಾರಿ ಹೇಳುವಾಗ ಇದನ್ನು ಬಿಡಿಸಿ ಹೇಳಿ.

ಈಗ ‘ಅಶುಭ’ದ ವಿಷಯ. ಟರ್ಮಿನಸ್‌ನಿಂದ ಟರ್ಮಿನೇಟ್ ಬಂತು ಎಂಬುದು ನಿಜ. ಆದರೆ ಮೂಲ ಅರ್ಥ ‘ಗಡಿ ಹಾಕು’ ಎಂದಷ್ಟೇ. ಕೆಲಸ ಕಳೆಯುವುದು ಅದರ ಮೇಲೆ ಬಹಳ ಆಮೇಲೆ ಬಂದು ಕೂತ ಅರ್ಥ. ಇದೇ ಕುಟುಂಬದಲ್ಲಿ ಒಳ್ಳೆಯ ಪದಗಳೂ ಬೇಕಾದಷ್ಟಿವೆ. ಶಾಲೆಯ ಫಸ್ಟ್ ಟರ್ಮ್, ಸೆಕೆಂಡ್ ಟರ್ಮ್ ಇದೆಯಲ್ಲ, ಅದು ಗಡಿ ಹಾಕಿದ ಕಾಲ. ಟರ್ಮ್ ಇನ್ಶೂರೆನ್ಸ್ ಅಂದರೆ ಇಷ್ಟು ವರ್ಷಕ್ಕೆ ಎಂದು ಗಡಿ ಹಾಕಿದ ವಿಮೆ. ಕರಾರಿನ ಟರ್ಮ್ಸ್ ಅಂದರೆ ಇಬ್ಬರೂ ಒಪ್ಪಿದ ಎಲ್ಲೆ. ಡಿಟರ್ಮಿನೇಷನ್ ಅಂದರೆ ಮನಸ್ಸಿಗೆ ಹಾಕಿಕೊಂಡ ಗೆರೆ, ನಿಶ್ಚಯ.

ಈ ಕುಟುಂಬದಲ್ಲಿ ಕಠೋರವಾದದ್ದು ಎಕ್ಸ್‌ಟರ್ಮಿನೇಟ್. ಈಗ ಅದಕ್ಕೆ ಬುಡಸಮೇತ ನಾಶ ಮಾಡು ಎಂದು ಅರ್ಥ. ‘ಎಕ್ಸ್’ ಅಂದರೆ ಹೊರಗೆ. ಲ್ಯಾಟಿನ್‌ನಲ್ಲಿ ಅದು ಗಡಿಕಲ್ಲಿನ ಆಚೆಗೆ ಅಟ್ಟುವುದು ಮಾತ್ರ. ಇದು ನಮಗೆ ಗೊತ್ತಿರುವ ಶಿಕ್ಷೆಯೇ. ಕನ್ನಡದಲ್ಲಿ ‘ಗಡಿಪಾರು’, ಮುಂಬಯಿ ಪೊಲೀಸರ ಭಾಷೆಯಲ್ಲಿ ‘ತಡೀಪಾರ್’. ನಮ್ಮ ಕನ್ನಡದ ‘ತಡಿ’ ಅಂದರೂ ದಡವೇ. ರೋಮನ್ನರು ಕಲ್ಲಿನಾಚೆ ಅಂದರು, ನಾವು ಗಡಿಯಾಚೆ, ದಡದಾಚೆ ಅಂದೆವು. ಇಷ್ಟು ದೂರದ ಮೂರು ಭಾಷೆಗಳು ಒಂದೇ ರೀತಿ ಯೋಚಿಸಿದ್ದು ನನಗೆ ಇವತ್ತಿಗೂ ಬೆರಗು ಹುಟ್ಟಿಸುತ್ತದೆ.

ಮರಗಳಲ್ಲೂ ಈ ಪದ ಇದೆ. ಮುಂಬಯಿಯ ಬೀದಿ ಬದಿಯಲ್ಲಿ, ಸೊಸೈಟಿಗಳ ಅಂಗಳದಲ್ಲಿ ಅಗಲ ಎಲೆಯ ಕಾಡುಬಾದಾಮಿ ಮರ ನೋಡಿರುತ್ತೀರಿ. ಎಲೆ ಉದುರುವ ಮೊದಲು ಕೆಂಪಾಗುತ್ತದೆ. ಅದರ ಶಾಸ್ತ್ರೀಯ ಹೆಸರು ಟರ್ಮಿನಾಲಿಯಾ ಕಟಪ್ಪ. ಕೊಂಬೆ ಎತ್ತಿ ನೋಡಿ. ಎಲೆಗಳು ಕೊಂಬೆಯ ಉದ್ದಕ್ಕೂ ಇಲ್ಲ, ತುದಿಯಲ್ಲಿ ಗೊಂಚಲಾಗಿ ಇವೆ. ಅದಕ್ಕೇ ಆ ಹೆಸರು. ನಮ್ಮ ಘಟ್ಟದ ಮತ್ತಿ, ಹೊಳೆಮತ್ತಿ, ಕಷಾಯದ ಅಳಲೆಕಾಯಿ, ತಾರೆಕಾಯಿ ಎಲ್ಲ ಟರ್ಮಿನಾಲಿಯಾ ಕುಲದವೇ. ತ್ರಿಫಲಾದ ಮೂರರಲ್ಲಿ ಎರಡು ಟರ್ಮಿನಾಲಿಯಾ! ಅಶುಭ ಎಂದು ಅದನ್ನು ಯಾರೂ ಕುಡಿಯದೆ ಬಿಟ್ಟಿಲ್ಲ.

ನಿಮ್ಮ ಪತ್ರಿಕೆಗೆ ಮೂರು ಸಣ್ಣ ಸಲಹೆ ಕೊಡುತ್ತೇನೆ. ‘ಟರ್ಮಿನಸ್ ಸ್ಟೇಷನ್’ ಎಂದು ಎರಡೂ ಬೇಡ, ಒಂದು ಸಾಕು. ಒಂದಕ್ಕಿಂತ ಹೆಚ್ಚು ಇದ್ದರೆ ಇಂಗ್ಲಿಷಿನಲ್ಲಿ ‘ಟರ್ಮಿನೈ’ ಎನ್ನುತ್ತಾರೆ. ಕನ್ನಡಕ್ಕೆ ಅದರ ಹಂಗು ಬೇಕಿಲ್ಲ, ‘ಟರ್ಮಿನಸ್‌ಗಳು’ ಅಂದರೆ ಆಯಿತು. ಮುಖ್ಯವಾದದ್ದು ಮೂರನೆಯದು. ಊರಿಂದ ಬರುವವರು ‘ಮುಂಬಯಿ ಟರ್ಮಿನಸ್’ ಎಂದಷ್ಟೇ ನೆನಪಿಟ್ಟುಕೊಂಡು ಗೊಂದಲ ಮಾಡಿಕೊಳ್ಳುತ್ತಾರೆ. ಹೋಗುವಾಗಲಂತೂ ವಿ.ಟಿ.ಗೆ ಹೋಗಬೇಕಾದವರು ಕುರ್ಲಾಕ್ಕೆ ಹೋಗಿ ಗಾಡಿ ತಪ್ಪಿಸಿಕೊಂಡ ಮನೆಗಳು ನಮ್ಮಲ್ಲಿ ಬಹಳ. ಹಾಗಾಗಿ ಹೆಸರಿನ ಜೊತೆ ಟಿಕೆಟ್ಟಿನಲ್ಲಿರುವ ಅಕ್ಷರಗಳನ್ನೂ ಕೊಡಿ. ತಿಲಕ್ ಟರ್ಮಿನಸ್‌ಗೆ ಎಲ್‌ಟಿಟಿ, ಶಿವಾಜಿ ಮಹಾರಾಜ್ ಟರ್ಮಿನಸ್‌ಗೆ ಸಿಎಸ್‌ಎಂಟಿ, ಬಾಂದ್ರಾಕ್ಕೆ ಬಿಡಿಟಿಎಸ್. ಡೊಂಬಿವಿಲಿಗೆ ಬರುವವರು ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಮತ್ಸ್ಯಗಂಧದವರು ಠಾಣೆಯಲ್ಲೇ ಇಳಿದು ಲೋಕಲ್ ಹಿಡಿಯಲಿ. ಉದ್ಯಾನ್‌ನವರು ಕಲ್ಯಾಣದಲ್ಲಿ ಇಳಿಯಲಿ.

ನಿಮ್ಮ ಕಾರ್ಯಕ್ರಮ ಮಳೆಗಾಲದಲ್ಲಿದ್ದರೆ ಕಲಾವಿದರ ಫೋನಿಗೆ ‘ಶಾರ್ಟ್ ಟರ್ಮಿನೇಟೆಡ್’ ಎಂಬ ಸಂದೇಶ ಬಂದರೂ ಬರಬಹುದು. ಗಾಡಿ ರದ್ದಾಯಿತು ಎಂದು ಅವರು ಗಾಬರಿಯಾಗುವುದು ಬೇಡ. ಗಾಡಿ ಬರುತ್ತದೆ, ಆದರೆ ಮುಂಬಯಿ ಮುಟ್ಟದೆ ಮೊದಲೇ ಒಂದು ಕಡೆ ಯಾತ್ರೆ ಮುಗಿಸುತ್ತದೆ ಎಂದು ಅರ್ಥ. ಕೊಂಕಣದ ಕಡೆಯದಾದರೆ ಅದು ಪನ್ವೇಲ್ ಆಗಬಹುದು, ಘಟ್ಟದ ಮೇಲಿನದಾದರೆ ಪುಣೆ ಆಗಬಹುದು. ಯಾವ ಊರು ಎಂದು ಸಂದೇಶದಲ್ಲೇ ಇರುತ್ತದೆ. ಆ ದಿನ ವಾಪಸ್ ಹೋಗುವ ಗಾಡಿಯೂ ಸಾಮಾನ್ಯವಾಗಿ ಅದೇ ಊರಿಂದ ಹೊರಡುತ್ತದೆ. ಅದಕ್ಕೆ ರೈಲಿನವರು ‘ಶಾರ್ಟ್ ಒರಿಜಿನೇಟ್’ ಅನ್ನುತ್ತಾರೆ. ಪನ್ವೇಲ್ ಮತ್ತು ಪುಣೆಯಲ್ಲಿ ಇಳಿಸಿಕೊಳ್ಳಲು ಒಬ್ಬೊಬ್ಬರನ್ನು ಮೊದಲೇ ಗೊತ್ತುಮಾಡಿ, ಅವರ ಫೋನ್ ನಂಬರನ್ನು ಕಲಾವಿದರಿಗೆ ಕಳಿಸಿಡಿ.